ಓಟದ ಗಾಡಿಯ ಜಾತಕ ಬರೆಯುವುದು ಹೇಗೆ?

ಕನ್ನಡ ಸಂಘದ ಸಂಚಿಕೆಯಲ್ಲಿ ಮೋಟಾರು ಪಂದ್ಯದ ಲೇಖನ ಯಾಕಪ್ಪ ಅಂತ ಕೆಲವರಿಗಾದರೂ ಅನ್ನಿಸೀತು. ಅನ್ನಿಸಲಿ. ಆದರೆ ಒಂದು ಹಳೆಯ ಪಂದ್ಯದ ಕಾರನ್ನು ಮುಂದೆ ನಿಲ್ಲಿಸಿಕೊಂಡು “ಇದು ನಿಜವಾಗಿ ಆ ವರ್ಷ ಆ ಊರಿನಲ್ಲಿ ಓಡಿದ ಕಾರೇ ಹೌದೆ?” ಎಂದು ಕೇಳುವವನ ಕೆಲಸವನ್ನು ನೋಡಿ. ಓಲೆಗರಿಯ ಒಂದು ಕಟ್ಟನ್ನು ಮುಂದೆ ಬಿಚ್ಚಿಟ್ಟುಕೊಂಡು “ಇದು ನಿಜವಾಗಿ ಕವಿಯದೇ ಪಾಠ ಹೌದೆ?” ಎಂದು ಕೇಳುವವನ ಕೆಲಸಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಇಬ್ಬರಿಗೂ ಬೇಕಾದದ್ದು ಸಾಕ್ಷಿ. ಇಬ್ಬರನ್ನೂ ಕಾಡುವುದು ಮಧ್ಯೆ ಕೈಹಾಕಿದವರು: ಅಲ್ಲಿ ಲಿಪಿಕಾರ, ಇಲ್ಲಿ ಮೆಕ್ಯಾನಿಕ್ಕು. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಪರೀಕ್ಷೆಗೋಸ್ಕರ ಓದಿ ಮರೆತವರಿಗೂ ಈ ಲೇಖನ ಸುಲಭವಾಗಿ ಹಿಡಿಸಬಹುದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪಕ್ಕದಲ್ಲೇ ಇರುವ ಒಂದು ಗಾಡಿಯಿಂದ ಶುರುಮಾಡೋಣ.

ಚಾಣಕ್ಯಪುರಿಯ ಕೆಂಪು ಗಾಡಿ

ಚಾಣಕ್ಯಪುರಿಯ ರೈಲು ಮ್ಯೂಸಿಯಮ್ಮನ್ನು ದಿಲ್ಲಿಗೆ ಬಂದ ಕನ್ನಡಿಗರು ಒಂದಲ್ಲ ಒಂದು ಸಲ ನೋಡಿಯೇ ಇರುತ್ತಾರೆ. 1971ರಲ್ಲಿ ರಾಷ್ಟ್ರಪತಿ ವಿ. ವಿ. ಗಿರಿಯವರು ಅದಕ್ಕೆ ಅಡಿಗಲ್ಲು ಹಾಕಿದರು. 1977ರ ಫೆಬ್ರವರಿ 1ರಂದು ಅದು ಜನರಿಗೆ ತೆರೆಯಿತು. ಮೈಸೂರು ಮಹಾರಾಜರ 1899ರ ಸಲೂನು ಡಬ್ಬಿ ಅಲ್ಲಿರುವುದರಿಂದ ನಮ್ಮವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅದೇ ಮ್ಯೂಸಿಯಮ್ಮಿನಲ್ಲಿ ರೈಲೇ ಅಲ್ಲದ ಒಂದು ಗಾಡಿಯೂ ಇದೆ. ಅದು 1914ರ ಒಂದು ಫೈರ್ ಇಂಜಿನ್ನು, ಹೆಸರು ಜಾನ್ ಮಾರಿಸ್. ಹಳಿಯ ಮೇಲಲ್ಲ, ರಸ್ತೆಯ ಮೇಲೆ ಓಡುವ ಗಾಡಿ ಅದು.

ಬೆಂಕಿ ಆರಿಸುವ ಗಾಡಿಗೂ ಪಂದ್ಯಕ್ಕೂ ಏನು ಸಂಬಂಧ? ಇದೆ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯವರು 1964ರಿಂದ ದಿಲ್ಲಿಯಲ್ಲಿ ಹಳೆಯ ಮೋಟಾರುಗಳ ರ್‍ಯಾಲಿ ನಡೆಸುತ್ತ ಬಂದಿದ್ದಾರೆ. ಈ ಜಾನ್ ಮಾರಿಸ್ ಗಾಡಿ ಮ್ಯೂಸಿಯಮ್ಮಿನಿಂದ ಹೊರಬಂದು ಆ ರ್‍ಯಾಲಿಯಲ್ಲಿ ಭಾಗವಹಿಸಿದೆ. ಇಂಥ ರ್‍ಯಾಲಿಗಳಲ್ಲಿ ಯಾರು ಮುಂದೆ ಯಾರು ಹಿಂದೆ ಅನ್ನುವುದು ಮುಖ್ಯವಲ್ಲ. ಗಾಡಿ ಎಷ್ಟರಮಟ್ಟಿಗೆ ತನ್ನ ಕಾಲದ್ದಾಗಿಯೇ ಉಳಿದಿದೆ, ಸ್ವಂತ ಬಲದಿಂದ ಓಡುತ್ತದೆಯೇ, ಕೊಟ್ಟ ಹೊತ್ತಿಗೆ ತಲುಪುತ್ತದೆಯೇ ಎಂದು ತೀರ್ಪುಗಾರರು ನೋಡುತ್ತಾರೆ. ಹಾಗಾಗಿ ಇಲ್ಲಿ ಗಾಡಿಯ ಚರಿತ್ರೆಯೇ ಪಂದ್ಯದ ಒಂದು ಭಾಗ.

ಈಗ ಈ ಗಾಡಿಯ ಚರಿತ್ರೆಯನ್ನು ಕೆದಕಲು ಹೊರಟಿರಿ ಅನ್ನಿ. ಮೊದಲನೆಯ ಹೆಜ್ಜೆಯಲ್ಲೇ ಒಂದು ಹಳ್ಳ ಸಿಗುತ್ತದೆ. ‘ಮಾರಿಸ್’ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಮಾರಿಸ್ ಮೈನರ್ ಕಾರು. ನಮ್ಮ ಅಂಬಾಸಡರ್ ಕಾರಿನ ಮೂಲವೂ ಮಾರಿಸ್ ಆಕ್ಸ್‌ಫರ್ಡ್. ಆದ್ದರಿಂದ ಈ ಫೈರ್ ಇಂಜಿನ್ನು ಕೂಡ ಆ ಕಂಪನಿಯದೇ ಅಂತ ಯಾರಾದರೂ ಹೇಳಿದರೆ ನಂಬುವುದು ಸುಲಭ. ಆದರೆ ಅಂಬಾಸಡರಿನ ಮೂಲಪುರುಷ ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್. ಈ ಗಾಡಿಯನ್ನು ಮಾಡಿದ್ದು ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡಿನ ಜಾನ್ ಮಾರಿಸ್ ಅಂಡ್ ಸನ್ಸ್, ಬೆಂಕಿ ಆರಿಸುವ ಸಲಕರಣೆ ತಯಾರಿಸುತ್ತಿದ್ದವರು. ಎರಡು ಮನೆತನಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬನೆಂದು ಎಣಿಸಿ ಕಾಲನಿರ್ಣಯ ಮಾಡಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಎರಡನೆಯ ಪ್ರಶ್ನೆ, ಗಾಡಿ ಯಾರದ್ದು? ಹೈದರಾಬಾದಿನ ನಿಜಾಮರ ರೈಲ್ವೆಯದು. ಇಲ್ಲೂ ಹೆಸರನ್ನು ಹುಷಾರಾಗಿ ಓದಬೇಕು. 1914ರಲ್ಲಿ ಆ ಸಂಸ್ಥೆಯ ಹೆಸರು ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’. ಲಂಡನ್ನಿನಲ್ಲಿ ಷೇರು ಎತ್ತಿದ ಕಂಪನಿ ಅದು, ಷೇರುದಾರರ ಬಡ್ಡಿಗೆ ನಿಜಾಮ ಸರಕಾರ ಜಾಮೀನು ನಿಂತಿತ್ತು. ಗ್ಯಾರಂಟಿ ಎಂಬ ಮಾತು ಬಂದದ್ದು ಹೀಗೆ. 1930ರಲ್ಲಿ ಸರಕಾರವೇ ರೈಲ್ವೆಯನ್ನು ಕೊಂಡುಕೊಂಡ ಮೇಲೆ ‘ನಿಜಾಮ್ಸ್ ಸ್ಟೇಟ್ ರೈಲ್ವೆ’ ಆಯಿತು. ಹಾಗಾದರೆ ಆ ಕಾಲದ ಯಾವುದೇ ಗಾಡಿಯ ಮೈಮೇಲೆ ಎರಡನೆಯ ಹೆಸರು ಕಂಡರೆ ಆ ಬಣ್ಣ, ಆ ಅಕ್ಷರ 1930ರ ಈಚಿನದು ಎಂದು ಕಣ್ಣುಮುಚ್ಚಿ ಹೇಳಬಹುದು. ಶಾಸನದಲ್ಲಿ ಅರಸನ ಬಿರುದು ನೋಡಿ ಕಾಲ ಹೇಳುವುದಿಲ್ಲವೆ, ಹಾಗೆ. ಅಂದಹಾಗೆ ಈ ರೈಲ್ವೆಯ ಮೊದಲ ದಾರಿ 1874ರಲ್ಲಿ ತೆರೆದದ್ದು ವಾಡಿಯಿಂದ ಸಿಕಂದರಾಬಾದಿಗೆ. ವಾಡಿ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಆ ಕಡೆಯಿಂದ ಬಂದ ಗೆಳೆಯರು ಚಾಣಕ್ಯಪುರಿಯ ಈ ಗಾಡಿಯ ಹತ್ತಿರ ಸ್ವಲ್ಪ ಸಲಿಗೆಯಿಂದಲೇ ನಿಲ್ಲಬಹುದು.

ಮೂರನೆಯದು ಕಾಲದ ಹೆಸರು. ದಿಲ್ಲಿಯಲ್ಲಿ ಹಳೆಯ ಮೋಟಾರಿಗೆಲ್ಲ ‘ವಿಂಟೇಜ್’ ಅನ್ನುತ್ತೇವೆ. ಇಂಗ್ಲೆಂಡಿನ ಹಳೆಯ ಕಾರಿನ ಸಂಘದವರ ಲೆಕ್ಕದಲ್ಲಿ 1919ರಿಂದ 1930ರವರೆಗಿನದು ಮಾತ್ರ ವಿಂಟೇಜ್. ಅದಕ್ಕೆ ಹಿಂದಿನದು, 1918ರವರೆಗಿನದು, ಎಡ್ವರ್ಡಿಯನ್. ಆ ಪ್ರಕಾರ 1914ರ ಜಾನ್ ಮಾರಿಸ್ ವಿಂಟೇಜ್ ಅಲ್ಲವೇ ಅಲ್ಲ. ಹಳಗನ್ನಡವನ್ನು ನಡುಗನ್ನಡ ಎಂದು ಕರೆದಷ್ಟೇ ತಪ್ಪು, ಅಷ್ಟೇ ಸಾಮಾನ್ಯವಾದ ತಪ್ಪು.

ಈ ಮೂರು ಪ್ರಶ್ನೆಗಳನ್ನು, ಅಂದರೆ ಮಾಡಿದವರು ಯಾರು, ಯಾರ ಕೈಯಲ್ಲಿತ್ತು, ಯಾವ ಕಾಲದ್ದು ಎಂಬುದನ್ನು ಜೇಬಿನಲ್ಲಿಟ್ಟುಕೊಂಡು ಈಗ ದೊಡ್ಡ ಪಂದ್ಯದ ಅಂಗಳಕ್ಕೆ ಹೋಗೋಣ. ಜಗತ್ತಿನಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಜಾತಕ ಬರೆಸಿಕೊಂಡ ಗಾಡಿಗಳು ಇಟಲಿಯವು.

ಜಿ.ಟಿ. ಅಂದರೇನು?

ಜಿ.ಟಿ. ಎಂದರೆ ಇಟಾಲಿಯನ್ ಭಾಷೆಯ ‘ಗ್ರಾನ್ ಟುರಿಸ್ಮೊ’. ದೂರದ ಪ್ರಯಾಣಕ್ಕೆ ಹೇಳಿದ ಕಾರು. ಪಂದ್ಯದ ನಿಯಮದಲ್ಲಿ ಅದಕ್ಕೊಂದು ಗಟ್ಟಿ ಅರ್ಥ ಬಂತು. ಬರೀ ಪಂದ್ಯಕ್ಕೇ ಒಂದೆರಡು ಮಾಡಿ ತಂದದ್ದು ಜಿ.ಟಿ. ಅಲ್ಲ, ಗಿರಾಕಿಗಳಿಗೆ ಮಾರುವ ಕಾರಾಗಿರಬೇಕು, ಕನಿಷ್ಠ ನೂರಾದರೂ ತಯಾರಾಗಿರಬೇಕು. ಹೀಗೆ ಒಪ್ಪಿಗೆ ಪಡೆದದ್ದಕ್ಕೆ ಇಟಾಲಿಯನ್ನಿನಲ್ಲಿ ‘ಒಮೊಲೊಗಾಟೊ’ ಅನ್ನುತ್ತಾರೆ. ಅದರ ಮೊದಲಕ್ಷರ ಸೇರಿದ್ದೇ ಜಿ.ಟಿ.ಓ.

1962ರಲ್ಲಿ ಫೆರಾರಿ ಕಂಪನಿ ‘250 ಜಿ.ಟಿ.ಓ.’ ಎಂಬ ಕಾರನ್ನು ಹೊರತಂದಿತು. ಮೂರು ಲೀಟರಿನ, ಹನ್ನೆರಡು ಸಿಲಿಂಡರಿನ ಇಂಜಿನ್ನು. ಸುಮಾರು 300 ಅಶ್ವಶಕ್ತಿ. ವಿನ್ಯಾಸವನ್ನು ಶುರುಮಾಡಿದವರು ಜೊತ್ತೊ ಬಿಜಾರಿನಿ. 1961ರ ಕೊನೆಯಲ್ಲಿ ಅವರು ಕಂಪನಿ ಬಿಟ್ಟ ಮೇಲೆ ಮುಂದುವರಿಸಿದವರು ತರುಣ ಮೌರೊ ಫೋರ್ಗಿಯೆರಿ. ಅಲ್ಯುಮಿನಿಯಮ್ ಮೈಯನ್ನು ಕೈಯಿಂದ ಬಡಿದು ಕೂರಿಸಿದವರು ಮೊದೆನಾ ಊರಿನ ಸ್ಕಾಲಿಯೆಟ್ಟಿ ಕಾರ್ಖಾನೆಯ ಕೆಲಸಗಾರರು. ನೂರು ಕಾರು ಎಲ್ಲಿ ಆದವು ಎಂದು ಕೇಳಿದರೆ, ಆಗಲೇ ಇಲ್ಲ. 1964ರವರೆಗೆ ಆದದ್ದು ಎಲ್ಲ ಸೇರಿ 36. ಇದು ಹೊಸ ಕಾರಲ್ಲ, ಹಳೆಯ 250 ಜಿ.ಟಿ.ಯ ಸುಧಾರಿತ ರೂಪವಷ್ಟೆ ಎಂದು ಹೇಳಿ ಫೆರಾರಿ ಒಪ್ಪಿಗೆ ಪಡೆದರು. ಆ ಸುಧಾರಿತ ರೂಪವೇ 1962, 1963, 1964 ಮೂರು ವರ್ಷವೂ ಜಿ.ಟಿ. ತಯಾರಕರ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ತನ್ನ ವಿಭಾಗವನ್ನು ಗೆದ್ದಿತು.

ಮೂವತ್ತಾರು ಕಾರಿನಲ್ಲಿ ಇದು ಯಾವುದು ಎಂದು ಹೇಳುವುದು ಹೇಗೆ? ಮೊದಲ ಆಧಾರ ಚಾಸಿಸ್ ನಂಬರು. ಚಾಸಿಸ್ ಅಂದರೆ ಗಾಡಿಯ ಅಸ್ಥಿಪಂಜರ. ಅದರ ಕಬ್ಬಿಣದ ಮೇಲೆ ಅಂಕಿ ಕೊರೆದಿರುತ್ತಾರೆ. ಫೆರಾರಿಯವರು ಆ ಕಾಲದಲ್ಲಿ ರಸ್ತೆ ಕಾರಿಗೆ ಬೆಸ ಸಂಖ್ಯೆ, ಶುದ್ಧ ಪಂದ್ಯದ ಕಾರಿಗೆ ಸಮ ಸಂಖ್ಯೆ ಕೊಡುತ್ತಿದ್ದರು. ಜಿ.ಟಿ.ಓ. ಹುಟ್ಟಿದ್ದೇ ಪಂದ್ಯಕ್ಕಾದರೂ ನಿಯಮದ ಕಣ್ಣಿಗೆ ರಸ್ತೆ ಕಾರು. ಅದಕ್ಕೇ ಅದರ ನಂಬರುಗಳೆಲ್ಲ ಬೆಸ. ಎರಡನೆಯ ಆಧಾರ ಇಂಜಿನ್ನು, ಗೇರ್‌ಬಾಕ್ಸುಗಳ ಮೇಲಿನ ನಂಬರು. ಮೂರನೆಯದು ಕಾಗದ: ಪಂದ್ಯದ ಪ್ರವೇಶ ಪಟ್ಟಿ, ತಪಾಸಣೆಯ ಚೀಟಿ, ಸಮಯದ ಪಟ್ಟಿ, ಮಾರಾಟದ ರಸೀತಿ. ನಾಲ್ಕನೆಯದು ಛಾಯಾಚಿತ್ರ. ಕೈಯಿಂದ ಬಡಿದ ಮೈ ಆದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಗಾಳಿಕಿಂಡಿ, ದೀಪದ ಸುತ್ತಲಿನ ಅಂಚು, ರಿವೆಟ್ಟುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಅಕ್ಷರದ ಬಳುಕು ನೋಡಿ ಲಿಪಿಕಾರನನ್ನು ಗುರುತಿಸುವ ಹಾಗೆ ಪಳಗಿದ ಕಣ್ಣು ಅದನ್ನು ನೋಡಿ ಕಾರನ್ನು ಗುರುತಿಸುತ್ತದೆ. ಐದನೆಯದು, ಕೊನೆಯದು, ಬಾಯಿಮಾತು. ಅದನ್ನು ಕೇಳಬೇಕು, ಆದರೆ ಉಳಿದ ನಾಲ್ಕರ ಜತೆ ತೂಗಿ ನೋಡಬೇಕು.

3413ರ ಕಥೆ

ಈ ಆಧಾರಗಳು ಚೆನ್ನಾಗಿ ಉಳಿದುಬಂದ ಒಂದು ಕಾರು ಚಾಸಿಸ್ ನಂಬರು 3413 ಜಿ.ಟಿ. ತಯಾರಾದ ಜಿ.ಟಿ.ಓ.ಗಳಲ್ಲಿ ಅದು ಮೂರನೆಯದು.

1962ರ ವಸಂತದಲ್ಲಿ ಸಿಸಿಲಿ ದ್ವೀಪದ ‘ಟಾರ್ಗಾ ಫ್ಲೋರಿಯೊ’ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಅಮೆರಿಕದ ಫಿಲ್ ಹಿಲ್ ಅದನ್ನು ಓಡಿಸಿದರು. ಅವರು ಹಿಂದಿನ ವರ್ಷವಷ್ಟೇ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದವರು. ಟಾರ್ಗಾ ಫ್ಲೋರಿಯೊ ನಡೆಯುತ್ತಿದ್ದದ್ದು ಮೈದಾನದಲ್ಲಲ್ಲ, ಬೆಟ್ಟದ ಹಳ್ಳಿಗಳ ನಡುವಿನ ಮಾಮೂಲಿ ರಸ್ತೆಯಲ್ಲಿ. ನಮ್ಮ ಆಗುಂಬೆ ಘಾಟಿಯಲ್ಲಿ ಪಂದ್ಯ ಇಟ್ಟ ಹಾಗೆ. ಆಮೇಲೆ ಕಾರು ಎಡೊವಾರ್ಡೊ ಲುವಾಲ್ಡಿ ಗಬಾರ್ಡಿ ಎಂಬವರ ಕೈಸೇರಿತು. ಬೆಟ್ಟ ಹತ್ತುವ ಪಂದ್ಯಗಳಲ್ಲಿ ಅವರದು ಎತ್ತಿದ ಕೈ. ಅದೇ ವರ್ಷ ಈ ಕಾರಿನಿಂದಲೇ ಇಟಲಿಯ ಜಿ.ಟಿ. ಚಾಂಪಿಯನ್‌ಶಿಪ್ ಗೆದ್ದರು. 1963ರಲ್ಲಿ ಕಾರು ಒಡವೆ ವ್ಯಾಪಾರದ ಬುಲ್ಗಾರಿ ಮನೆತನದ ಜಾನಿ ಬುಲ್ಗಾರಿಯವರದಾಯಿತು. ಅವರು ಮೌರಿಜಿಯೊ ಗ್ರಾನಾ ಜತೆ ಓಡಿಸಿ ಟಾರ್ಗಾ ಫ್ಲೋರಿಯೊದಲ್ಲಿ ತಮ್ಮ ವರ್ಗದಲ್ಲಿ ಮೊದಲಾದರು. 1964ರಲ್ಲಿ ಅದೇ ಪಂದ್ಯದಲ್ಲಿ ಅದೇ ಕಾರು ಮತ್ತೆ ತನ್ನ ವರ್ಗ ಗೆದ್ದಿತು. ಓಡಿಸಿದವರು ನೇಪಲ್ಸಿನ ಕೊರಾಡೊ ಫೆರ್ಲೈನೊ ಮತ್ತು ಅವರ ಜತೆಗಾರ ತರಮಾಜೊ. ಫುಟ್‌ಬಾಲ್ ಪ್ರೇಮಿಗಳಿಗೆ ಫೆರ್ಲೈನೊ ಹೆಸರು ಗೊತ್ತಿರಬಹುದು: ಮುಂದೆ 1984ರಲ್ಲಿ ಮರಡೋನಾರನ್ನು ನಾಪೊಲಿ ಕ್ಲಬ್ಬಿಗೆ ತಂದ ಅಧ್ಯಕ್ಷರು ಅವರೇ.

ಇಷ್ಟರಲ್ಲಿ ಒಂದು ತೊಡಕು. 1964ರಲ್ಲಿ ಫೆರಾರಿ ಈ ಮಾದರಿಯ ಮೈಯ ಆಕಾರವನ್ನೇ ಬದಲಾಯಿಸಿತು. ಹೊಸ ಆಕಾರದಲ್ಲಿ ಹೊಸದಾಗಿ ಹುಟ್ಟಿದ್ದು ಮೂರೇ ಕಾರು. ಹಳೆಯ ನಾಲ್ಕು ಕಾರುಗಳಿಗೆ ಹಳೆಯ ಮೈ ಕಳಚಿ ಹೊಸ ಮೈ ತೊಡಿಸಿದರು. ಆ ನಾಲ್ಕರಲ್ಲಿ 3413 ಒಂದು. ಹಾಗಾದರೆ ಇವತ್ತು ಕಣ್ಣಿಗೆ ಕಾಣುವ ಕಾರು ಫಿಲ್ ಹಿಲ್ ಓಡಿಸಿದ ಕಾರೇ? ಅಸ್ಥಿ ಅದೇ, ಇಂಜಿನ್ನು ಅದೇ, ಗೇರ್‌ಬಾಕ್ಸು ಅದೇ. ಚರ್ಮ ಮಾತ್ರ ಬೇರೆ. ಆ ಚರ್ಮವನ್ನು ಹಾಕಿದ್ದು ಕೂಡ ಮೊದಲಿನ ಕಾರ್ಖಾನೆಯೇ, ಪಂದ್ಯದ ಆಯುಷ್ಯ ಮುಗಿಯುವ ಮುಂಚೆಯೇ. ಕವಿ ತಾನೇ ತನ್ನ ಕಾವ್ಯವನ್ನು ತಿದ್ದಿ ಎರಡನೆಯ ಸಲ ಹೊರಡಿಸಿದ ಹಾಗೆ ಇದು. ಪ್ರಕ್ಷಿಪ್ತ ಅನ್ನಲು ಬರುವುದಿಲ್ಲ. ಆದರೆ 1962ರ ಚಿತ್ರವನ್ನೂ ಈಗಿನ ಕಾರನ್ನೂ ಪಕ್ಕಪಕ್ಕ ಇಟ್ಟು, ನಡುವಿನ ಕಥೆ ಗೊತ್ತಿಲ್ಲದವನನ್ನು ಕೇಳಿದರೆ “ಇವೆರಡು ಬೇರೆ ಕಾರು” ಎಂದೇ ಹೇಳುತ್ತಾನೆ. ಕಥೆ ಕಾಗದದಲ್ಲಿ ಉಳಿದದ್ದರಿಂದಲೇ ಕಾರೂ ಉಳಿಯಿತು. 2018ರ ಆಗಸ್ಟಿನಲ್ಲಿ ಅಮೆರಿಕದ ಮಾಂಟರೇಯಲ್ಲಿ ಹರಾಜಾದಾಗ 3413ಕ್ಕೆ ಬಂದ ಬೆಲೆ 4 ಕೋಟಿ 84 ಲಕ್ಷ ಡಾಲರು. ಹರಾಜಿನಲ್ಲಿ ಮಾರಾಟವಾದ ಕಾರುಗಳಲ್ಲಿ ಆಗಿನ ಮಟ್ಟಿಗೆ ಅದೇ ದಾಖಲೆ.

ಎಲ್ಲಿ ಕೊಂಡಿ ಕಳಚುತ್ತದೆ?

ಎಲ್ಲ ಕಾರಿಗೂ ಇಂಥ ಅದೃಷ್ಟ ಇರುವುದಿಲ್ಲ. 3589 ನಂಬರಿನ ಜಿ.ಟಿ.ಓ. ನೋಡಿ. ಇಂಗ್ಲೆಂಡಿನಲ್ಲಿ ಓಡಿ, ಅಲ್ಲಿಂದ ಅಮೆರಿಕದ ಟೆಕ್ಸಸ್ಸಿಗೆ ಹೋಗಿ ಇನ್ನಷ್ಟು ಓಡಿತು. ಮೂರು ವರ್ಷ ಹಳೆಯ ಪಂದ್ಯದ ಕಾರು ಯಾರಿಗೆ ಬೇಕು? ಅದರ ಒಡೆಯರು 1960ರ ದಶಕದ ನಡುವಿನಲ್ಲಿ ಅದನ್ನು ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ ದಾನ ಕೊಟ್ಟುಬಿಟ್ಟರು, ಹುಡುಗರು ಮೋಟಾರು ರಿಪೇರಿ ಕಲಿಯಲಿ ಅಂತ. 1972ರಲ್ಲಿ ಶಾಲೆಯವರು ಅದನ್ನು 6,500 ಡಾಲರಿಗೆ ಮಾರಿದರು. ಆಮೇಲೆ ಹತ್ತಾರು ವರ್ಷ ಅದು ಓಹಿಯೋ ರಾಜ್ಯದಲ್ಲಿ ಬಯಲಿನಲ್ಲೇ ಬಿದ್ದಿತ್ತು. ಶಾಲೆಯ ಹುಡುಗರು ಅದರ ಯಾವ ನಟ್ಟು ಬಿಚ್ಚಿದರು, ಯಾವುದನ್ನು ಮತ್ತೆ ಕೂರಿಸಿದರು ಎಂದು ಬರೆದಿಡಬೇಕೆಂದು ಯಾರಿಗಾದರೂ ಯಾಕೆ ತೋಚಬೇಕು? ಬೆಲೆಯಿಲ್ಲದ ಕಾಲದಲ್ಲಿ ಯಾರೂ ಬರೆದಿಡುವುದಿಲ್ಲ. ಬೆಲೆ ಬಂದ ಕಾಲದಲ್ಲಿ ಎಲ್ಲರೂ ಬರೆಯಲು ಕೂರುತ್ತಾರೆ. ಸುಳ್ಳು ಹೊಗುವುದು ಈ ಎರಡರ ನಡುವಿನ ಬಿರುಕಿನಲ್ಲಿ. ನಮ್ಮ ಓಲೆಗರಿಗಳ ಗತಿಯೂ ಇದೇ ತಾನೆ? ಅಟ್ಟದ ಮೇಲೆ ಹುಳ ತಿನ್ನುವಾಗ ಕೇಳುವವರಿಲ್ಲ. ‘ಪಂಪಭಾರತ’ 1898ರಲ್ಲಿ ರೈಸ್ ಅವರಿಂದ ಅಚ್ಚಾದ ಮೇಲೂ, ಪರಿಷತ್ತಿನವರು 1931ರಲ್ಲಿ ಇನ್ನೊಮ್ಮೆ ಪರಿಷ್ಕರಿಸಿ ಹೊರತರಬೇಕಾಯಿತು.

ನ್ಯಾಯಾಲಯ ಕೊಟ್ಟ ಉತ್ತರ

ಹೀಗೆ ಭಾಗ ಬದಲಾದ ಕಾರು ಅದೇ ಕಾರೇ ಎಂಬ ಪ್ರಶ್ನೆ ಒಂದು ಸಲ ಲಂಡನ್ನಿನ ಹೈಕೋರ್ಟಿಗೇ ಹೋಯಿತು. ಅದು ಜಿ.ಟಿ. ಅಲ್ಲ, ಅದಕ್ಕಿಂತ ಹಿಂದಿನ ಬೆಂಟ್ಲಿ ಕಾರು. ಅಡ್ಡಹೆಸರು ‘ಓಲ್ಡ್ ನಂಬರ್ ಒನ್’. ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಯ ಪಂದ್ಯವನ್ನು ಅದು 1929ರಲ್ಲೂ 1930ರಲ್ಲೂ ಗೆದ್ದಿತ್ತು. ಎರಡು ಸಲವೂ ಓಡಿಸಿದವರು ವುಲ್ಫ್ ಬಾರ್ನಾಟೊ, ಜತೆಗೆ ಮೊದಲ ಸಲ ಬರ್ಕಿನ್, ಎರಡನೆಯ ಸಲ ಕಿಡ್‌ಸ್ಟನ್. ಮುಂದೆ ಅದಕ್ಕೆ ದೊಡ್ಡ ಇಂಜಿನ್ನು ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಪಘಾತವಾಗಿ ಕ್ಲೈವ್ ಡನ್‌ಫೀ ಎಂಬ ಓಟಗಾರ ತೀರಿಕೊಂಡರು. ಕಾರನ್ನು ಮತ್ತೆ ಕಟ್ಟಿದರು, ಮೈ ಬದಲಾಯಿಸಿದರು. 1990ರಲ್ಲಿ ಒಬ್ಬ ಮಾಲೀಕರು ಅದನ್ನು ಒಂದು ಕಂಪನಿಗೆ ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳುವವರು ಆಮೇಲೆ ಹಿಂದೆ ಸರಿದರು: ಇದರಲ್ಲಿ 1929ರ ಕಬ್ಬಿಣ ಹೆಚ್ಚುಕಡಿಮೆ ಏನೂ ಇಲ್ಲ, ಇದು ಆ ಕಾರೇ ಅಲ್ಲ ಎಂದು ವಾದಿಸಿದರು.

ನ್ಯಾಯಮೂರ್ತಿ ಆಟನ್ ಎರಡು ಮಾತನ್ನು ಬೇರೆ ಮಾಡಿ ನೋಡಿದರು. ಈ ಕಾರು ‘ಮೂಲ’ ರೂಪದಲ್ಲಿ ಉಳಿದಿದೆಯೇ? ಇಲ್ಲ, ಹಾಗೆ ಯಾರೂ ಹೇಳುವಂತಿಲ್ಲ. ಇದು ‘ಅಸಲಿ’ಯೇ? ಹೌದು. ಯಾಕೆಂದರೆ ಈ ಕಾರು ಯಾವತ್ತೂ ಕಣ್ಮರೆಯಾಗಿ ಮತ್ತೊಂದು ಕಡೆ ಹೊಸದಾಗಿ ಹುಟ್ಟಲಿಲ್ಲ. ಒಂದೊಂದೇ ಭಾಗ ಬದಲಾಗುತ್ತ ಒಂದೇ ಜೀವವಾಗಿ ನಡೆದುಬಂದಿದೆ. ಈ ಹೆಸರು ಹೇಳಿಕೊಳ್ಳುವ ಇನ್ನೊಂದು ಕಾರೂ ಇಲ್ಲ. ತೀರ್ಪು ಮಾರಿದವರ ಕಡೆಗಾಯಿತು.

ನಮ್ಮೂರ ತೇರನ್ನು ಎಳೆದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಚ್ಚು ಮುರಿದರೆ ಹೊಸ ಅಚ್ಚು, ಗಾಲಿ ಸವೆದರೆ ಹೊಸ ಗಾಲಿ. ಅಜ್ಜನ ಕಾಲದ ಮರ ಅದರಲ್ಲಿ ಎಷ್ಟಿದೆಯೋ ದೇವರಿಗೇ ಗೊತ್ತು. ಆದರೂ ಅದು ಬೇರೆ ತೇರು ಅಂತ ಊರಲ್ಲಿ ಯಾರೂ ಹೇಳುವುದಿಲ್ಲ, ಯಾಕೆಂದರೆ ಪ್ರತಿ ವರ್ಷ ಎಳೆದವರು, ನೋಡಿದವರು ಇದ್ದಾರೆ. ತೇರಿಗೆ ಊರೇ ಸಾಕ್ಷಿ. ಕಾರಿಗೆ ಅಂಥ ಊರಿಲ್ಲ; ಅದಕ್ಕೇ ನಂಬರು, ಚೀಟಿ, ಚಿತ್ರ ಬೇಕು. ಒಂದು ಹಳೆಯ ಓಟದ ಗಾಡಿಯ ಗುರುತು ಇರುವುದು ಅದರ ಲೋಹಕ್ಕಿಂತ ಹೆಚ್ಚಾಗಿ ಕಡಿಯದೆ ಬಂದ ಈ ಸಾಕ್ಷಿಯ ಸರಪಳಿಯಲ್ಲಿ. ಸರಪಳಿ ಗಟ್ಟಿಯಿದ್ದರೆ ಮೈ ಬದಲಾದರೂ 3413 ಅದೇ 3413. ಸರಪಳಿ ತುಂಡಾದರೆ ಪ್ರತಿಯೊಂದು ನಟ್ಟೂ ಹಳೆಯದೇ ಆಗಿದ್ದರೂ ಗಾಡಿ ಅನಾಥ.

ನಾವೇನು ಮಾಡಬಹುದು?

ನಮ್ಮಲ್ಲಿ ಜಿ.ಟಿ.ಓ. ಕೊಳ್ಳುವವರು ಯಾರೂ ಇಲ್ಲ, ಆ ಚಿಂತೆ ಬೇಡ. ಆದರೆ ರಜಕ್ಕೆ ಊರಿಗೆ ಹೋದಾಗ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನೋ, ಶ್ರೀರಂಗಪಟ್ಟಣದ ಹತ್ತಿರ ಮೈಸೂರು ರಸ್ತೆಯಲ್ಲಿರುವ ‘ಪಯಣ’ ಮ್ಯೂಸಿಯಮ್ಮನ್ನೋ ನೋಡುವಿರಾದರೆ, ಬಣ್ಣ ಚೆನ್ನಾಗಿದೆ ಎಂದು ಹೊರಟುಬಿಡಬೇಡಿ. ಒಂದು ಗಾಡಿಯನ್ನು ಆರಿಸಿಕೊಂಡು ಕೇಳಿ: ಮಾಡಿದವರು ಯಾರು? ಯಾರ ಕೈಯಿಂದ ಯಾರ ಕೈಗೆ ಬಂತು? ಯಾವ ಭಾಗ ಯಾವಾಗ ಬದಲಾಯಿತು? ಹೇಳುವವರ ಮಾತಿಗೆ ಕಾಗದದ ಆಸರೆ ಇದೆಯೇ? ‘ಜಗತ್ತಿನಲ್ಲಿ ಇದೊಂದೇ’ ಎಂಬ ಮಾತು ಕಿವಿಗೆ ಬಿದ್ದಾಗಲಂತೂ ಎರಡು ಸಲ ಕೇಳಿ.

ನಿಮ್ಮ ಮನೆಯಲ್ಲೇ ಅಜ್ಜನ ಕಾಲದ ಮೋಟಾರು ಸೈಕಲ್ಲೋ ಜೀಪೋ ಮೂಲೆಯಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು. ಚಾಸಿಸ್ ನಂಬರನ್ನು ಮಸಿ ಒರೆಸಿ ಓದಿ, ಆರ್.ಸಿ. ಪುಸ್ತಕದ ಜತೆ ಹೋಲಿಸಿ, ಅದನ್ನು ಓಡಿಸಿದವರು ಬದುಕಿರುವಾಗಲೇ ಅವರ ಮಾತನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಇವತ್ತು ಅದಕ್ಕೆ ಗುಜರಿಯ ಬೆಲೆಯಷ್ಟೇ ಇರಬಹುದು. ಶಾಲೆಗೆ ದಾನ ಹೋದಾಗ 3589ಕ್ಕೂ ಹೆಚ್ಚೇನೂ ಇರಲಿಲ್ಲ. ಗ್ರಂಥ ಸಂಪಾದನೆಯ ಪಾಠವನ್ನು ಹಾಗೆ ಒಂದು ಗಾಡಿಯ ಮೇಲೆ ಪ್ರಯೋಗಿಸಿ ನೋಡಿದವರು ಮುಂದಿನ ಸಂಚಿಕೆಗೆ ಎರಡು ಪುಟ ಬರೆದುಕೊಟ್ಟರೆ, ಸ್ಟೆನ್ಸಿಲ್ ಕೊರೆಯುವ ಕೆಲಸಕ್ಕೆ ನಾನು ಸಿದ್ಧ.